ತೂಕ ಇಳಿಸುವ ತೂತು

ಮೂಗಿನ ತುದಿಗೆ ತುರಿಕೆ ಬರುವುದಕ್ಕೂ ಹೊತ್ತುಗೊತ್ತು ಬೇಡವೆ, ಎರಡೂ ಕೈ ಕಟ್ಟಿಹಾಕಿದ ಹಾಗಿರುವಾಗಲೇ ಅದಕ್ಕೆ ನೆನಪಾಗುವುದು, ಎಡಗೈ ತಗಡಿಗೆ ಆನಿಸಿದೆ, ಬಲಗೈಯಲ್ಲಿ ಅಂಗೈ ತುಂಬುವ ಉಕ್ಕಿನ ತುಂಡು, ಅದನ್ನು ತಗಡು ಕೂಡಿಸುವ ರಿವೆಟ್ಟು ಮೊಳೆಯ ಬಾಲಕ್ಕೆ ಒತ್ತಿ ಹಿಡಿದು ಅಲ್ಲಾಡದೆ ಕೂತಿರಬೇಕು, ಕೂತಿರುವುದು ಅನ್ನುವುದೂ ದೊಡ್ಡ ಮಾತೇ, ಅರ್ಧ ಮಲಗಿ ಅರ್ಧ ಮುದುಡಿ, ಒಂದು ಮಂಡಿ ಗಲ್ಲಕ್ಕೆ ತಾಗುತ್ತ, ವಿಮಾನದ ರೆಕ್ಕೆಯ ಒಳಗೆ ಮನುಷ್ಯರಿಗೆಂದು ಯಾರೂ ಜಾಗ ಬಿಟ್ಟಿರುವುದಿಲ್ಲ, ಮೂಗನ್ನು ತೋಳಿಗೆ ಉಜ್ಜೋಣವೆಂದರೆ ತೋಳು ಎಟುಕುವುದಿಲ್ಲ — ಹೊರಗಿನಿಂದ ಭಾವ ರಿವೆಟ್ಟು ಹೊಡೆಯುವ ಗನ್ನು ಒತ್ತಿದರು, ಡರ್ರೆಂದು ತಗಡು, ಮೊಣಕೈ, ಹಲ್ಲು ಎಲ್ಲ ಒಟ್ಟಿಗೆ ನಡುಗಿ ನಿಂತವು, ಹೆಬ್ಬೆರಳಿನಿಂದ ಸವರಿದಳು, ಬಾಲ ಗುಂಡಗೆ ಚಪ್ಪಟೆಯಾಗಿ ಕೂತಿದೆ, ಜಾಣಮರಿ, ಉಕ್ಕಿನ ತುಂಡಿನಿಂದ ತಗಡಿಗೆ ಟಕ್ ಟಕ್, ಎರಡು ಸಲ, ಅಂದರೆ ಸರಿಯಿದೆ, ಮುಂದಿನದಕ್ಕೆ ಹೋಗಿ. ಒಂದೇ ಟಕ್ ಅಂದರೆ ಇನ್ನೊಂದು ಸಲ ಹೊಡೆಯಿರಿ, ಮೂರು ಟಕ್ ಅಂದರೆ ಕೆಟ್ಟಿದೆ, ಕಿತ್ತುಹಾಕಿ, ಇಷ್ಟೇ ಭಾಷೆ, ಇಷ್ಟು ವರ್ಷದಿಂದ ಅವರು ಹೊರಗೆ ನಿಂತು ಹೊಡೆಯುತ್ತಾರೆ, ಇವಳು ಒಳಗೆ ಮುದುಡಿಕೊಂಡು ತಡೆಯುತ್ತಾಳೆ, ಕಟ್ಟಿಕೊಂಡ ಗಂಡನ ಹತ್ತಿರ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಅಕ್ಕನ ಗಂಡನ ಹತ್ತಿರ ಈ ತಗಡಿನ ಮೂಲಕ ಆಡಿದ್ದಾಳೆ, ಅದೂ ಮುಖ ನೋಡದೆ, ಒಂದು ಜಗಳವಿಲ್ಲದೆ, ಗಂಡನ ಹತ್ತಿರವೂ ನಡುವೆ ಒಂದು ತಗಡು ಇಟ್ಟುಕೊಂಡಿದ್ದರೆ ಸಂಸಾರ ಇನ್ನೂ ಚೆನ್ನಾಗಿರುತ್ತಿತ್ತೋ ಏನೋ. ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಇಲಿ ಅನ್ನುತ್ತಾರೆ, ಸಂದಿಗೊಂದಿಯಲ್ಲಿ ನುಗ್ಗುವವಳು ಅಂತ, ಭಾವನೂ ಹಾಗೇ ಕರೆಯುತ್ತಾರೆ, ಇಲೀ, ಮುಂದಕ್ಕೆ ಹೋಗೋಣ್ವಾ — ಇವತ್ತು ಬೆಳಗ್ಗೆಯಿಂದ, ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಬಂದರೂ, ಹಾಗೆ ಕರೆದಿಲ್ಲ, ಯಾಕೆಂದು ಕೇಳುವುದೇನಿದೆ, ಇವತ್ತು ಜೋಡಿಗೆ ಒಬ್ಬರನ್ನು ಕಳಿಸುತ್ತಾರೆ.

ಜೋಡಿಗೆ ಒಬ್ಬರು. ಎಷ್ಟು ಚೆನ್ನಾಗಿ ಹೇಳಿದರು, ಏನೋ ಹಂಚುತ್ತಿದ್ದಾರೆ ಅನ್ನುವ ಹಾಗೆ, ಜೋಡಿಗೆ ಒಬ್ಬರು ಮನೆಗೆ, ಉಳಿದವರನ್ನು ಉಳಿದವರ ಜೊತೆ ಸೇರಿಸಿ ಹೊಸ ಜೋಡಿ, ಹೊಡೆಯುವವರಿಗೆ ತಡೆಯುವುದೂ ಬರುತ್ತದೆ, ತಡೆಯುವವರಿಗೆ ಹೊಡೆಯುವುದೂ ಬರುತ್ತದೆ, ಎಲ್ಲರಿಗೂ ಎರಡೂ ಕಲಿಸಿದ್ದು ಇದಕ್ಕೇ ಇರಬೇಕು, ಆಗ ಎಷ್ಟು ಖುಷಿಪಟ್ಟಿದ್ದಳು, ಕೈಗೆ ಇನ್ನೊಂದು ವಿದ್ಯೆ ಬಂತು ಅಂತ. ಅವತ್ತು ಕ್ಯಾಂಟೀನಿನಲ್ಲಿ ಮೇಜು ಕುರ್ಚಿ ಗೋಡೆಗೆ ಸರಿಸಿ ಎಲ್ಲರನ್ನೂ ನಿಲ್ಲಿಸಿದ್ದರು, ಮೇಲಿನ ಆಫೀಸಿನಿಂದ ದೊಡ್ಡ ಮೇಡಂ ಬಂದಿದ್ದರು, ಬಿಳಿ ಅಂಗಿ, ಕಿವಿಗೆ ಅಂಟಿದ ಮೈಕು, ದನಿ ಎಷ್ಟು ನಯ ಅಂದರೆ ಬಯ್ದರೂ ಹೊಗಳಿದ ಹಾಗಿರಬೇಕು, ಹೊಸ ವಿಮಾನ ಕೇಳುವವರು ಕಡಿಮೆಯಾಗಿದ್ದಾರೆ, ಕೊಟ್ಟ ಆರ್ಡರನ್ನೂ ಕೆಲವರು ವಾಪಸು ತೆಗೆದುಕೊಂಡಿದ್ದಾರೆ, ಇಂಥ ಗಾಳಿಯಲ್ಲಿ ನಾವು ಹಾರಬೇಕಾದರೆ ನಮ್ಮ ತೂಕ ಇಳಿಸಿಕೊಳ್ಳಲೇಬೇಕು. ತೂಕ. ತೂಕ ತೂಕ ಎಂದು ಜೀವ ತಿನ್ನುವ ಜಾಗ ಇದು, ಒಂದು ವಾಷರು ದಪ್ಪವಾದರೆ ಪಂಚಾಯ್ತಿ, ಬಣ್ಣ ಒಂದು ಪದರ ಹೆಚ್ಚಾದರೆ ಕೆರೆದು ತೆಗೆಯುತ್ತಾರೆ, ಸೇರಿದ ದಿನದಿಂದ ಕೇಳಿದ್ದು ಅದನ್ನೇ, ತೂಕ ಇಳಿಸುವ ದಾರಿ ಹೊಳೆದರೆ ಹೇಳಿ, ಹೇಳಿದವರಿಗೆ ಬಹುಮಾನ ಅಂತ ಗೋಡೆಯ ಮೇಲೇ ಬರೆಸಿದ್ದಾರೆ, ಹಾಗಾಗಿ ತೂಕ ಅಂದ ತಕ್ಷಣ ಅರ್ಧ ಕ್ಯಾಂಟೀನು ರೆಕ್ಕೆಯ ತೂಕ ಅಂತಲೇ ತಿಳಿದುಕೊಂಡಿತು, ಇವಳೂ ಹಾಗೇ ತಿಳಿದಿದ್ದಳು, ಆದರೆ ಇವಳು ಬಾಯಿ ಬಿಡಲಿಲ್ಲ, ಬಾಯಿ ಬಿಟ್ಟಿದ್ದು ಭಾವ. ತಮ್ಮ ಮದುವೆಯಲ್ಲೇ ತಲೆ ಎತ್ತದ ಮನುಷ್ಯ, ಅಂಥವರು ಅಷ್ಟು ಜನರ ನಡುವೆ ಕೈ ಎತ್ತಿದರು, ಮೇಡಂ, ರೆಕ್ಕೆ ಬುಡದಿಂದ ಮೂರನೇ ರಿಬ್ಬಲ್ಲಿ ತೂಕ ಇಳಿಸೋ ತೂತು ಇದೆಯಲ್ಲ ಮೇಡಂ, ಅದನ್ನ ಇನ್ನೊಂದು ಬೆರಳಷ್ಟು ದೊಡ್ಡದು ಮಾಡಿದ್ರೆ ಏನೂ ಆಗಲ್ಲ, ಅಷ್ಟು ತಗಡು ಉಳಿಯುತ್ತೆ, ಅಷ್ಟು ತೂಕ ಇಳಿಯುತ್ತೆ. ಚಹಾದ ಪಾತ್ರೆ ಕುದಿಯುತ್ತಿತ್ತು, ಹಿಂದಿನಿಂದ ಯಾರೋ ಫಕ್ಕನೆ ನಕ್ಕರು, ಮೇಡಂ ನಗಲಿಲ್ಲ, ಕತ್ತು ಓರೆ ಮಾಡಿ, ಬಹಳ ಒಳ್ಳೆಯದು, ಈ ಮನೋಭಾವವೇ ನಮಗೆ ಬೇಕಾಗಿರುವುದು, ಅಂದರು, ಭಾವ ಹೆಮ್ಮೆಯಿಂದ ಕೈ ಇಳಿಸಿದರು. ಆಮೇಲೆ ಮೇಲ್ವಿಚಾರಕರು ಪಕ್ಕಕ್ಕೆ ಬಂದರು, ಮಾತಿಗೆ ಮುಂಚೆ ಕೆಮ್ಮುವ ಚಾಳಿಯಿಂದ ಅವರಿಗೆ ಕೆಮ್ಮು ಸಾಹೇಬರು ಅಂತಲೇ ಹೆಸರು, ಕೆಮ್ಮಿ, ಅಯ್ಯೋ ಮಾರಾಯ್ರೇ, ಅವರು ಹೇಳಿದ್ದು ರೆಕ್ಕೆ ತೂಕ ಅಲ್ಲ, ನಮ್ಮ ತೂಕ, ನೀವು ನಾನು, ಜನ, ಜೋಡಿಗೆ ಒಬ್ಬರು, ಎಂದು ಕಿವಿಯಲ್ಲಿ ಹೇಳಿದಾಗ ಭಾವನ ಮುಖ ಹೇಗಾಯಿತು ಎಂದು ಇವಳು ನೋಡಬಾರದಿತ್ತು, ನೋಡಿಬಿಟ್ಟಳು.

ಡರ್ರ್. ಸವರಿದಳು, ಒಂದು ಕಡೆ ವಾಲಿದೆಯೆ, ಇಲ್ಲ, ಸರಿಯಾಗಿದೆ, ಟಕ್ ಟಕ್. ಆ ತೂತಿನ ವಿಚಾರ ಇವಳದೇ, ಅದು ಭಾವನಿಗೂ ಗೊತ್ತು, ಆದರೆ ಇವಳು ತೂಕಕ್ಕಾಗಿ ಹೇಳಿದ್ದಲ್ಲ, ಸೊಂಟಕ್ಕಾಗಿ ಹೇಳಿದ್ದು. ರೆಕ್ಕೆಯ ಒಳಗೆ ಉದ್ದಕ್ಕೂ ಅಡ್ಡಡ್ಡ ನಿಲ್ಲಿಸಿದ ಪಕ್ಕೆಲುಬು, ಅವಕ್ಕೆ ರಿಬ್ಬು ಅನ್ನುತ್ತಾರೆ, ಒಂದೊಂದರ ನಡುವೆಯೂ ದೊಡ್ಡ ಗುಂಡು ತೂತು, ಭಾರ ಕಡಿಮೆಯಾಗಲಿ ಅಂತ ತಗಡನ್ನೇ ಕೊರೆದು ತೆಗೆದ ಜಾಗ, ಏನೂ ಇಲ್ಲದಿರುವುದೇ ಅದರ ಕೆಲಸ, ಇವಳು ಹೋಗಿ ಬರುವುದೂ ಅದೇ ತೂತುಗಳಲ್ಲಿ, ಮೊದಲಿನೆರಡರಲ್ಲಿ ಸಲೀಸು, ಮೂರನೆಯದರಲ್ಲಿ ತಲೆ ಹೋಗುತ್ತದೆ, ಭುಜ ಹೋಗುತ್ತದೆ, ಸೊಂಟ ಮಾತ್ರ ಸಿಕ್ಕಿಕೊಳ್ಳುತ್ತದೆ, ಉಸಿರು ಬಿಟ್ಟು ಓರೆಯಾಗಿ ಜಾರಬೇಕು, ಎರಡೂ ಪಕ್ಕ ನೀಲಿಗಟ್ಟಿದೆ. ಒಂದು ದಿನ ಅಕ್ಕನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ರೇಗಿ ಹೇಳಿದ್ದಳು, ಆ ತೂತು ಬರೆದ ಎಂಜಿನಿಯರಿಗೆ ಮದುವೇನೇ ಆಗಿಲ್ಲ ಅನ್ಸುತ್ತೆ ಕಣಕ್ಕ, ಹೆಂಗಸರಿಗೆ ಸೊಂಟ ಅಂತ ಒಂದಿರುತ್ತೆ ಅನ್ನೋದೇ ಗೊತ್ತಿಲ್ಲ ಪಾಪ, ಒಂದು ಬೆರಳಷ್ಟು ದೊಡ್ಡದು ಮಾಡಿದ್ರೆ ಅವರಪ್ಪನ ಗಂಟೇನು ಹೋಗ್ತಿತ್ತು. ಅಕ್ಕ ನಕ್ಕು ನಕ್ಕು ತಟ್ಟೆ ಪಕ್ಕಕ್ಕಿಟ್ಟಳು, ಭಾವ ತಲೆ ತಗ್ಗಿಸಿ ಉಣ್ಣುತ್ತಿದ್ದರು, ಹೆಂಗಸರ ಮಾತು ಅಂತ ಕಿವಿಗೆ ಹಾಕಿಕೊಳ್ಳಲಿಲ್ಲವೇನೋ ಅಂದುಕೊಂಡಿದ್ದಳು, ಹಾಕಿಕೊಂಡಿದ್ದಾರೆ, ಹಾಕಿಕೊಂಡು ಇಷ್ಟು ದಿನ ಯೋಚಿಸಿ, ನಾದಿನಿಯ ಸೊಂಟ ಅಂತ ಅಷ್ಟು ಜನರೆದುರು ಹೇಳಲಿಕ್ಕಾಗದೆ ಅದನ್ನೇ ತೂಕದ ಮಾತು ಮಾಡಿ ಹೇಳಿದ್ದಾರೆ. ಅವತ್ತು ಮನೆಗೆ ಹೋಗುವಾಗ ಬಸ್ಸಿನಲ್ಲಿ ಭಾವ ಕಿಟಕಿಯ ಕಡೆಗೇ ನೋಡುತ್ತಿದ್ದರು, ಕಿಟಕಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ಗೋಡೆ, ಗೋಡೆ, ಟೈರಿನ ಅಂಗಡಿ, ಗೋಡೆ. ಭಾವ, ಅದು ನಾನು ಅವತ್ತು ಹೇಳಿದ್ದಲ್ವಾ. ಹೂಂ. ನಗಾಡಿದ್ರಲ್ಲ ಎಲ್ಲಾ. ತೂಕ ಅಂದ್ರಲ್ಲಮ್ಮಾ, ನಾನು ತೂಕ ಅಂತಾನೇ ತಿಳ್ಕೊಂಡೆ. ಅಷ್ಟು ಹೇಳಿ ಮತ್ತೆ ಕಿಟಕಿಯ ಕಡೆಗೇ ತಿರುಗಿದರು.

ಸುಮ್ಮನಿರಲಿ ಅಂದರೆ ಮನಸ್ಸು ಸುಮ್ಮನಿರುತ್ತದೆಯೆ, ಅವತ್ತು ಬಸ್ಸಿನಲ್ಲೇ ಅದು ಲೆಕ್ಕ ಹಾಕಿಬಿಟ್ಟಿತ್ತು, ಎಲ್ಲರೆದುರು ನಗೆಪಾಟಲಾದವರನ್ನೇ ಮೊದಲು ಕಳಿಸುತ್ತಾರೆ, ಹಾಗಾದರೆ ನಾನು ಉಳಿಯುತ್ತೇನೆ — ಹೊಟ್ಟೆಯಲ್ಲಿ ಏನೋ ಹಗುರಾಯಿತು, ಥೂ, ಹಗುರಾಗಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು, ಆದರೆ ಹಗುರಾದದ್ದಂತೂ ನಿಜ. ಈ ಕೆಲಸ ಕೊಡಿಸಿದ್ದೇ ಭಾವ, ಸಣ್ಣ ಮೈಯವರು ಬೇಕಂತೆ, ನಮ್ಮ ಮನೇಲಿ ಒಬ್ಬಳಿದಾಳೆ ಅಂತ ಅವರೇ ಕರೆದುಕೊಂಡು ಬಂದದ್ದು, ಉಕ್ಕಿನ ತುಂಡನ್ನು ಹೇಗೆ ಹಿಡಿಯಬೇಕು, ಉಸಿರನ್ನು ಯಾವಾಗ ಬಿಗಿಹಿಡಿಯಬೇಕು, ಎಲ್ಲ ಅವರೇ ಹೇಳಿಕೊಟ್ಟದ್ದು. ಅಕ್ಕನ ಕಣ್ಣಿಗೆ ಸೂಜಿಮದ್ದು ಹಾಕಿಸುವುದು ಕಾರ್ಖಾನೆಯ ಆಸ್ಪತ್ರೆ ಕಾರ್ಡಿನಲ್ಲಿ, ಆ ಕಾರ್ಡು ಭಾವನ ಹೆಸರಿನಲ್ಲಿದೆ, ಇವಳ ಕಾರ್ಡಿನಲ್ಲಿ ಅಕ್ಕನಿಗೆ ಜಾಗವಿಲ್ಲ, ಗಂಡ ಮಗಳು ಅಷ್ಟೇ, ಒಡಹುಟ್ಟಿದವಳು ಅನ್ನುವ ಖಾನೆಯೇ ಅದರಲ್ಲಿಲ್ಲ. ಅಕ್ಕನಿಗೆ ನೋಟದ ನಡುವೆ ಕಪ್ಪು ಕೂತಿದೆ, ಸುತ್ತಲಿನದು ಕಾಣುತ್ತದೆ, ನಡುವಿನದು ಕಾಣುವುದಿಲ್ಲ, ಎದುರಿಗೆ ಕೂತರೆ, ನಿನ್ನ ಕಿವಿ ಚೆನ್ನಾಗಿ ಕಾಣ್ತಿದೆ ಕಣೇ, ಮುಖ ಎಲ್ಲಿ ಬಿಟ್ಟು ಬಂದೆ, ಅನ್ನುತ್ತಾಳೆ, ತಾನೇ ನಗುತ್ತಾಳೆ, ಸೂಜಿ ನಿಲ್ಲಿಸಿದರೆ ಆ ಕಿವಿ ಕಾಣುವುದೂ ಹೋಗುತ್ತದಂತೆ. ಇದೆಲ್ಲ ಗೊತ್ತಿದ್ದೂ ನಾನು ಉಳಿಯಬೇಕು ಅನ್ನಿಸುತ್ತದಲ್ಲ. ಅನ್ನಿಸದೆ ಏನು ಮಾಡಲಿ, ಗಂಡನ ವಾಚು ರಿಪೇರಿ ಅಂಗಡಿಯಲ್ಲಿ ಗಿರಾಕಿಗಳಿಗಿಂತ ನೊಣಗಳೇ ಹೆಚ್ಚು, ಎಲ್ಲರೂ ಫೋನಿನಲ್ಲೇ ಗಂಟೆ ನೋಡುತ್ತಾರೆ, ಆದರೂ ಬೆಳಗಾದರೆ ಶಿಸ್ತಾಗಿ ಬಾಗಿಲು ತೆಗೆಯುತ್ತಾನೆ, ನಿಂತ ಗಡಿಯಾರಗಳ ಧೂಳು ಒರೆಸುತ್ತಾನೆ, ಒಳ್ಳೆಯವನು, ಒಳ್ಳೆತನ ಒಲೆಗೆ ಹಾಕಿದರೆ ಉರಿಯುತ್ತದೆಯೆ, ಮನೆ ನಡೆಯುವುದು ಇವಳ ರೆಟ್ಟೆಯ ಮೇಲೆ. ಮಗಳಿಗೆ ಇದು ಯಾವುದೂ ತಲೆಗೆ ಹೋಗಿಲ್ಲ, ನೆತ್ತಿಯ ಮೇಲೆ ವಿಮಾನ ಹೋದರೆ ಈಗಲೂ ಕೇಳುತ್ತಾಳೆ, ಅಮ್ಮಾ, ಅದರಲ್ಲಿ ನಿನ್ನ ರಿವೆಟ್ಟು ಯಾವ ಕಡೆ. ಹೊರಗೆ ಕಾಣೋದು ದೊಡ್ಡಪ್ಪಂದು ಕಣೇ, ಒಳಗೆ ಕಾಣದೇ ಇರೋದು ನಂದು. ಕಾಣಲ್ಲ ಅಂದ್ಮೇಲೆ ಇದೆ ಅಂತ ಹೆಂಗೆ ಗೊತ್ತಾಗುತ್ತೆ. ರೆಕ್ಕೆ ಬಿದ್ದು ಹೋಗಿಲ್ವಲ್ಲ, ಅದಕ್ಕೇ. ಈ ಮಾತಿಗೆ ಮಗಳು ಪ್ರತಿ ಸಲವೂ ನಗುತ್ತಾಳೆ, ಇನ್ನು ಮುಂದೆ ಏನು ಹೇಳುವುದು ಅಂತ ಇವಳು ಯೋಚಿಸಿಲ್ಲ.

ಸದ್ದು ಕಡಿಮೆಯಾಗಿದೆ. ಯಾವಾಗಿನಿಂದ — ಬೆಳಗ್ಗೆ ಬಂದಾಗ ಇಡೀ ಹಾಲಿನಲ್ಲಿ ಗನ್ನುಗಳ ಸದ್ದು ಒಂದರ ಮೇಲೊಂದು ಬಿದ್ದು ಯಾವುದು ಯಾರದು ಗೊತ್ತಾಗುತ್ತಿರಲಿಲ್ಲ, ಕಿವಿಗೆ ತುರುಕಿಕೊಂಡ ರಬ್ಬರಿನ ಬಿರಡೆಯನ್ನೂ ದಾಟಿ, ತಗಡಿನಿಂದ ಬೆನ್ನಿಗೆ, ಬೆನ್ನಿನಿಂದ ಹಲ್ಲಿಗೆ, ಈಗ ಒಂದೊಂದೇ ಬಿಡಿಬಿಡಿಯಾಗಿ ಕೇಳುತ್ತಿದೆ, ದೂರದಲ್ಲಿ ಒಂದು, ಬಲಕ್ಕೆ ಒಂದು, ಬಲಕ್ಕಿದ್ದದ್ದೂ ನಿಂತಿತು, ಮತ್ತೆ ಹತ್ತಲಿಲ್ಲ. ಹೊರಗಿದ್ದವರಿಗೆ ಕಾಣುತ್ತದೆ, ಕೆಮ್ಮು ಸಾಹೇಬರು ಯಾವ ಸಾಲಿನಲ್ಲಿದ್ದಾರೆ, ಯಾರ ಹೆಗಲ ಮೇಲೆ ಕೈ ಇಟ್ಟರು, ಯಾರು ಕೈಗವಸು ತೆಗೆದು ಮೇಜಿನ ಮೇಲಿಟ್ಟು ಅವರ ಹಿಂದೆ ಹೋದರು, ಇವಳಿಗೆ ಕಾಣುವುದು ಎರಡು ರಿಬ್ಬು, ತನ್ನದೇ ಮಂಡಿ, ಇನ್ನೂ ರಿವೆಟ್ಟು ಬೀಳದ ತೂತುಗಳ ಸಾಲು, ಅಷ್ಟೇ, ಒಬ್ಬೊಬ್ಬರು ನಿಂತದ್ದು ಕಿವಿಗೆ ಮಾತ್ರ ಗೊತ್ತಾಗುತ್ತದೆ. ತಲೆದೀಪ ಕಣ್ಣಿಗೆ ಚುಚ್ಚುತ್ತದೆಂದು ಆರಿಸಿದ್ದಾಳೆ, ಬಾಲ ಸರಿಯಿದೆಯೋ ಇಲ್ಲವೋ ಹೆಬ್ಬೆರಳಿಗೆ ಗೊತ್ತು, ಅಳತೆ ಹಿಡಿಯುವುದನ್ನು ಸಾಲು ಮುಗಿದ ಮೇಲೆ ಒಟ್ಟಿಗೇ ಮಾಡಿದರಾಯಿತು, ದೀಪವಿಲ್ಲದಿದ್ದಾಗ ಆ ತೂತುಗಳಿಂದ ಹಾಲಿನ ಬೆಳಕು ಒಳಗೆ ಬರುತ್ತದೆ, ಕಾಳಿನಷ್ಟು ಕಾಳಿನಷ್ಟು ಬೆಳಕು, ತೋಳಿನ ಮೇಲೆ ಸಾಲಾಗಿ ಕೂರುತ್ತದೆ, ಒಂದೊಂದು ರಿವೆಟ್ಟು ಬಿದ್ದ ಹಾಗೆ ಒಂದೊಂದು ಆರುತ್ತದೆ. ಇಷ್ಟು ವರ್ಷ ಅದು ಖುಷಿಯ ವಿಚಾರವಾಗಿತ್ತು, ಬೆಳಕು ಕಡಿಮೆಯಾದಷ್ಟೂ ಕೆಲಸ ಮುಗಿಯುತ್ತ ಬಂತು, ಹೊರಗೆ ಹೋಗಿ ಬೆನ್ನು ನೆಟ್ಟಗೆ ಮಾಡಿ ಚಹಾ ಕುಡಿಯಬಹುದು ಅಂತ. ಡರ್ರ್. ಟಕ್ ಟಕ್. ಮುಂದಿನದು ಬರಲಿಲ್ಲ. ಕಾದಳು. ಭಾವ ಬೆವರು ಒರೆಸಿಕೊಳ್ಳುತ್ತಿರಬೇಕು, ಗಾಳಿಯ ಪೈಪು ಸಿಕ್ಕಿಕೊಂಡಿರಬೇಕು, ಡಬ್ಬಿಯಲ್ಲಿ ರಿವೆಟ್ಟು ಮುಗಿದಿರಬೇಕು, ಇನ್ನೂ ಏನೇನೋ ಇರಬೇಕು, ಇದ್ದರೆ ಸಾಕು — ತಗಡಿನ ಆಚೆಯಿಂದ, ಬಿರಡೆಯ ಆಚೆಯಿಂದ, ಕೆಮ್ಮು.

ಬಂದರು. ಬಿರಡೆ ಕಿತ್ತಳು, ಉಕ್ಕಿನ ತುಂಡು ಸದ್ದಾಗದ ಹಾಗೆ ತೊಡೆಯ ಮೇಲಿಟ್ಟುಕೊಂಡು, ಕತ್ತು ತಿರುಚಿ, ಒಂದು ತೂತಿಗೆ ಕಿವಿ ಆನಿಸಿದಳು, ಗೋಡೆಗೆ ಕಿವಿಗೊಡುವವರನ್ನು ಕಂಡರೆ ಆಗದವಳು, ತಣ್ಣಗಿನ ತಗಡು ಕಿವಿಗೆ ಕಚ್ಚಿತು, ಭಾವನನ್ನು ಕರೆದುಕೊಂಡು ಹೋಗುತ್ತಾರೆ, ಹೋಗಲಿ ಅನ್ನಲೇ, ಬೇಡ ಅನ್ನಲೇ, ಅಕ್ಕನಿಗೆ ಏನು ಹೇಳಲಿ, ನಾಳೆ ಬಸ್ಸಿನಲ್ಲಿ ಪಕ್ಕದ ಜಾಗ ಖಾಲಿ, ಯಾರೋ ಗುರುತಿಲ್ಲದವರು ಹೊರಗೆ ನಿಂತು ಹೊಡೆಯುತ್ತಾರೆ, ನನ್ನ ಟಕ್ ಟಕ್ ಅವರಿಗೆ ಅರ್ಥವಾಗುತ್ತದೆಯೆ — ಏನ್ ಸಾರ್. ಭಾವನ ದನಿ, ಒಣಗಿದ ದನಿ. ಗಾಬರಿ ಆಗ್ಬೇಡಿ, ನೀವಲ್ಲ, ನೀವು ಇರ್ತೀರಿ. ಸಾರ್? ಮೇಡಂ ಮರ್ತಿಲ್ಲ ನಿಮ್ಮನ್ನ, ತೂತಿನ ವಿಚಾರ ಹೇಳಿದ್ರಲ್ಲ ಅವರು ಬೇಕು, ಅಂಥ ತಲೆ ಇರೋರನ್ನ ಬಿಡಬಾರದು ಅಂದ್ರಂತೆ, ನಿಮ್ಮ ಅದೃಷ್ಟ ಚೆನ್ನಾಗಿದೆ. ದೂರದ ಗನ್ನು ಒಂದು ಸಲ ಡರ್ರೆಂದು ನಿಂತಿತು. ಅದು ನಂದಲ್ಲ ಸಾರ್. ಯಾವುದು? ಆ ತೂತು. ಅದು ಅವಳದು, ಅವಳ ಸೊಂಟದ್ದು. ಸೊಂಟವಾ? ಏನು ಮಾತಾಡ್ತಿದೀರಿ ನೀವು. ಮೂರನೇ ರಿಬ್ಬಲ್ಲಿ ಅವಳಿಗೆ ಸೊಂಟ ಸಿಕ್ಕಿಕೊಳ್ಳುತ್ತೆ ಸಾರ್, ಅವಳು ಹೇಳಿದ್ದು, ಒಂದು ಬೆರಳು ದೊಡ್ಡದಿದ್ರೆ ಅಂತ, ನಾನು ಅದನ್ನ ತೂಕ ಅಂತ — ಕೆಮ್ಮು, ಉದ್ದನೆಯ ಕೆಮ್ಮು, ಇವರ ಗಂಟಲು ಇಷ್ಟು ಹೊತ್ತಿಗೆ ಹರಿದು ಹೋಗಿರಬೇಕು, ಬೆಳಗ್ಗೆಯಿಂದ ಎಷ್ಟು ಜನರೆದುರು ಕೆಮ್ಮಿದ್ದಾರೋ. ಯಾರದಾದ್ರೂ ಆಗ್ಲಿ ಬಿಡಿ, ಮೇಲೆ ಮುಗಿದು ಹೋಗಿದೆ, ನನ್ನ ಕೈಲಿ ಏನೂ ಇಲ್ಲ, ನನ್ನ ಹೆಗಲು ಯಾರು ಮುಟ್ತಾರೋ ಅದೇ ನನಗೆ ಗೊತ್ತಿಲ್ಲ. ಒಳಗಿರೋರಿಗೆ ಇವತ್ತೇ ಕೊನೆ. ಕರೀರಿ ಹೊರಗೆ. ತಗಡು ಕಿವಿಗೆ ಇನ್ನೂ ತಣ್ಣಗೇ ಇತ್ತು, ಮೈ ಬಿಸಿ ತಾಗಿ ಇಷ್ಟು ಹೊತ್ತಿಗೆ ಬೆಚ್ಚಗಾಗಬೇಕಿತ್ತಲ್ಲ ಎಂದು ಯೋಚಿಸಿದಳು. ಒಳಗೆ ಮುದುಡಿಕೊಂಡಿದಾಳೆ ಸಾರ್, ಬರೋಕೆ ಹೊತ್ತಾಗುತ್ತೆ. ಹೇಳಲೇಬೇಕಲ್ಲ. ಈ ಸಾಲೊಂದು ಮುಗೀಲಿ, ನಾನೇ ಹೇಳ್ತೀನಿ, ನಮ್ಮನೆ ಹುಡುಗಿ ಅದು, ನಾನೇ ಹೇಳ್ತೀನಿ. ಬೂಟಿನ ಸದ್ದು ದೂರವಾಯಿತು.

ಹೇಳುತ್ತಾರೆ. ಈಗ ಇಲೀ ಅನ್ನುತ್ತಾರೆ. ಕಿವಿ ತೆಗೆದು ಬೆನ್ನನ್ನು ರಿಬ್ಬಿಗೆ ಒರಗಿಸಿ ಕಾದಳು, ನಮ್ಮನೆ ಹುಡುಗಿ, ಮಗಳು ಇವಳ ಭುಜದುದ್ದ ಬೆಳೆದಿದ್ದಾಳೆ, ಹುಡುಗಿಯಂತೆ, ಅಳು ಬರಬೇಕಿತ್ತು, ನಗು ಬಂತು, ಸೊಂಟವಾ ಅಂದರಲ್ಲ, ಪಾಪ ಆ ಮನುಷ್ಯನಿಗೆ ಮನೆಗೆ ಹೋದರೂ ಇದೇ ಯೋಚನೆ ಇರುತ್ತದೆ, ನಕ್ಕರೆ ಹೊರಗೆ ಕೇಳುತ್ತದೆ, ಕೈ ಬಾಯಿಗೆ ಒತ್ತಿಕೊಂಡಳು, ಕೈಗೆ ಉಕ್ಕಿನ ವಾಸನೆ. ಅಕ್ಕನ ಸೂಜಿ ನಿಲ್ಲುವುದಿಲ್ಲ. ಅದೊಂದು ಆಯಿತು. ಅದೊಂದು ಆಯಿತು ಅಂತ ಸಂತೋಷಪಡಬೇಕು, ಪಡುತ್ತೇನೆ, ಆಮೇಲೆ ಪಡುತ್ತೇನೆ, ಈಗ ಆಗುತ್ತಿಲ್ಲ, ಈಗ ತಲೆಯೊಳಗೆ ಒಂದೇ ಮಾತು ತಿರುಗುತ್ತಿದೆ, ನನ್ನದೇ ಸೊಂಟ, ನನ್ನದೇ ಮಾತು, ಅದನ್ನೇ ಹಿಡಿದುಕೊಂಡು ಅವರು ದಡ ಸೇರಿದರು, ನಾನು ನೀರಿನಲ್ಲೇ ಉಳಿದೆ, ಬಾಯಿ ಮುಚ್ಚಿಕೊಂಡು ಉಣ್ಣಬಾರದಿತ್ತೆ ಅವತ್ತು, ಅಥವಾ ಕ್ಯಾಂಟೀನಿನಲ್ಲಿ ನಾನೇ ಕೈ ಎತ್ತಬಾರದಿತ್ತೆ, ಮೇಡಂ, ನನ್ನ ಸೊಂಟ ಹಿಡಿಯುತ್ತೆ, ಅಂತ ಹೇಳಿದ್ದರೆ ಈ ಮನೋಭಾವವೇ ಬೇಕು ಅನ್ನುತ್ತಿದ್ದರೆ, ಇಲ್ಲ, ಸೊಂಟ ಅಂದಿದ್ದರೆ ಅನ್ನುತ್ತಿರಲಿಲ್ಲ, ತೂಕ ಅಂದಿದ್ದಕ್ಕೇ ಅಂದದ್ದು. ಭಾವನ ಮೇಲೆ ಸಿಟ್ಟು ಬರಲಿ ಎಂದು ನೋಡಿದಳು, ಬರುತ್ತಿಲ್ಲ, ಅದು ನಂದಲ್ಲ ಸಾರ್ ಅಂದರಲ್ಲ, ಹಾಗೆ ಯಾರು ಹೇಳುತ್ತಾರೆ, ನಾನಾಗಿದ್ದರೆ ಹೇಳುತ್ತಿದ್ದೆನೆ. ತಗಡಿಗೆ ಏನೋ ತಾಗಿತು. ಒಂದು ಬೆಳಕು ಆರಿತು. ರಿವೆಟ್ಟು ಒಳಗೆ ಬಂದು ನಿಂತಿದೆ, ಬಾಲ ನೀಡಿಕೊಂಡು, ಭಾವ ಹೇಳಲಿಲ್ಲ, ಮುಂದಿನದನ್ನು ಹಾಕಿದ್ದಾರೆ, ಕೈ ತಾನಾಗಿಯೇ ಉಕ್ಕಿನ ತುಂಡನ್ನು ಎತ್ತಿ ಒತ್ತಿ ಹಿಡಿಯಿತು, ಉಸಿರು ತಾನಾಗಿಯೇ ಬಿಗಿಯಾಯಿತು, ಡರ್ರ್, ಎಂದಿನ ಹೊಡೆತವಲ್ಲ, ತಡೆದು ತಡೆದು ಹೊಡೆದದ್ದು, ಆದರೂ ಬಾಲ ಸರಿಯಾಗಿಯೇ ಕೂತಿದೆ. ಟಕ್ ಟಕ್.

ಇನ್ನೊಂದು. ಡರ್ರ್, ಟಕ್ ಟಕ್. ಇನ್ನೊಂದು. ಸಾಲು ಮುಗಿಯುವವರೆಗೆ ಇವಳಿಗೆ ಕೆಲಸವಿದೆ, ಸಾಲು ಮುಗಿಯುವವರೆಗೆ ಅವರೂ ಹೇಳಬೇಕಾಗಿಲ್ಲ, ಹಾಗಾದರೆ ಮೂರು ಸಲ ಬಡಿದುಬಿಡಲೆ, ಕೆಟ್ಟಿದೆ, ಕಿತ್ತುಹಾಕಿ, ಕಿತ್ತು, ಕೊರೆದು, ಹೊಸದು ಹಾಕಬೇಕಾಗುತ್ತದೆ, ಅಷ್ಟು ಹೊತ್ತು ಸಿಗುತ್ತದೆ, ಒಂದೊಂದಕ್ಕೂ ಮೂರು ಮೂರು ಬಡಿದರೆ ಸಂಜೆ, ಸಂಜೆಯಾದ ಮೇಲೆ — ಆದರೆ ಹೆಬ್ಬೆರಳು ಸವರಿ ನೋಡುತ್ತದಲ್ಲ, ಸರಿಯಾಗಿ ಕೂತಿರುವುದನ್ನು ಕೆಟ್ಟಿದೆ ಅಂತ ಹೇಗೆ ಹೇಳಲಿ, ಈ ರೆಕ್ಕೆಯ ಮೇಲೆ ನಾಳೆ ಯಾರು ಯಾರು ಕೂತು ಹೋಗುತ್ತಾರೋ, ಕೈ ಏಳುವುದಿಲ್ಲ, ಎದ್ದರೂ ಎರಡೇ ಬಡಿಯುತ್ತದೆ, ಸರಿಯಿದೆ, ಸರಿಯಿದೆ, ಮುಂದೆ ಹೋಗಿ, ತನ್ನ ಕೊರಳಿನ ಉರುಳಿಗೆ ತಾನೇ ಸರಿಯಿದೆ ಸರಿಯಿದೆ ಎಂದು ಹೇಳಿಕೊಳ್ಳುತ್ತ, ಭಾವ ನಿಧಾನ ಮಾಡುತ್ತಿದ್ದಾರೆ, ಒಂದೊಂದಕ್ಕೂ ನಡುವೆ ಮೊದಲಿಗಿಂತ ಉದ್ದ ಬಿಡುವು, ತೋಳಿನ ಮೇಲಿನ ಬೆಳಕುಗಳು ಒಂದೊಂದೇ ಹೋಗುತ್ತಿವೆ, ಮೊಣಕೈಯದು ಹೋಯಿತು, ಮುಂಗೈಯದು ಹೋಯಿತು, ಕತ್ತಲೆ ಪಕ್ಕದಿಂದ ಸರಿದು ಬಂದು ಕೂತುಕೊಂಡಿತು, ಇನ್ನು ಒಂದೇ, ಹೆಬ್ಬೆರಳಿನ ಉಗುರಿನ ಮೇಲೆ ಕಾಳಿನಷ್ಟು ಬೆಳಕು. ಉಕ್ಕಿನ ತುಂಡು ಹಿಡಿದುಕೊಂಡು ಕಾದಳು. ಬೆಳಕು ಹೋಯಿತು. ರಿವೆಟ್ಟು ಬಂತು, ಒತ್ತಿ ಹಿಡಿದಳು, ಉಸಿರು ಬಿಗಿಹಿಡಿದಳು, ಭಾವ ಗನ್ನು ಒತ್ತಲಿಲ್ಲ. ರಿವೆಟ್ಟು ಹಿಂದಕ್ಕೆ ಸರಿಯಿತು. ಬೆಳಕು ಬಂತು. ಭಾವ, ಅನ್ನಬೇಕು, ನನಗೆ ಕೇಳಿಸಿದೆ ಭಾವ, ನೀವು ಹೇಳಬೇಕಾಗಿಲ್ಲ, ಹೊಡೆದುಬಿಡಿ, ನಾನು ಬರ್ತೀನಿ ಹೊರಗೆ, ಅನ್ನಬೇಕು, ಈ ತಗಡಿನಲ್ಲಿ ಆ ಮಾತಿಗೆ ಎಷ್ಟು ಸಲ ಬಡಿಯಬೇಕು, ಯಾರೂ ಹೇಳಿಕೊಟ್ಟಿಲ್ಲ. ಬೆಳಕು ಹೋಯಿತು, ಒತ್ತಿ ಹಿಡಿದಳು. ಬೆಳಕು ಬಂತು. ಹೋಯಿತು. ಉಗುರಿನ ಮೇಲೆ, ಕಾಳಿನಷ್ಟು, ಬಂತು.